ಸಿನಿಮಾದ ಹಂಗಿಲ್ಲದ ಹಾಡು

ತಿರುವನಂತಪುರದಿಂದ ಕೋವಳಂ ಕಡೆಗೆ ಹೊರಟರೆ ದಾರಿಯಲ್ಲಿ ವೆಳ್ಳಾರ್ ಸಿಗುತ್ತದೆ. ಅಲ್ಲಿಯ ಗುಡ್ಡದ ಮೇಲೆ ಕೇರಳ ಆರ್ಟ್ಸ್ ಅಂಡ್ ಕ್ರಾಫ್ಟ್ಸ್ ವಿಲೇಜ್ ಎಂಬ ಕುಶಲಕರ್ಮಿಗಳ ಗ್ರಾಮವಿದೆ. ಅದನ್ನು ನಡೆಸುತ್ತಿರುವುದು 1925ರಲ್ಲಿ ಹುಟ್ಟಿದ ಊರಾಳುಂಗಲ್ ಕಾರ್ಮಿಕರ ಸಹಕಾರ ಸಂಘ. 2022ರ ನವೆಂಬರ್‌ನಲ್ಲಿ ಐದು ದಿನ ಆ ಗುಡ್ಡ ಗಿಟಾರು, ಡ್ರಮ್ಸುಗಳ ಸದ್ದಿಗೆ ನಡುಗಿತು. ದೇಶ ವಿದೇಶದ ಬ್ಯಾಂಡುಗಳನ್ನು ಕರೆಸಿದ್ದ ಆ ಹಬ್ಬದ ಹೆಸರು ಇಂಟರ್‌ನ್ಯಾಷನಲ್ ಇಂಡೀ ಮ್ಯೂಸಿಕ್ ಫೆಸ್ಟಿವಲ್. ಸಿನಿಮಾ ಹಾಡುಗಳ ಸಹವಾಸವಿಲ್ಲದೆ ತಾವೇ ಕಟ್ಟಿ ತಾವೇ ಹಾಡುವವರ ಮೇಳ ಅದು.

ಅಲ್ಲಿಂದ ಕೆಲವೇ ಕಿಲೋಮೀಟರ್ ದಕ್ಷಿಣಕ್ಕೆ ವಿಳಿಂಜಂ. ಆಯ್ ಅರಸರ ಕಾಲದಿಂದ ಹಡಗುಗಳನ್ನು ಕಂಡ ಹಳೆಯ ಬಂದರು. ಬಂಡೆ ಕೊರೆದು ಮಾಡಿದ ಸಾವಿರ ವರ್ಷ ಮೀರಿದ ಗುಡಿಯೂ ಅಲ್ಲಿದೆ. ಆ ನವೆಂಬರ್‌ನಲ್ಲಿ ವಿಳಿಂಜಂ ಬೇರೆ ಕಾರಣಕ್ಕೆ ಕುದಿಯುತ್ತಿತ್ತು. ಹೊಸ ಕಂಟೇನರ್ ಬಂದರಿನಿಂದ ಕಡಲು ದಂಡೆಯನ್ನು ಕೊರೆಯುತ್ತಿದೆ ಎಂದು ಆಗಸ್ಟ್ 16ರಿಂದಲೂ ಮೀನುಗಾರರು ಮುಲ್ಲೂರಿನ ಗೇಟಿನೆದುರು ಚಪ್ಪರ ಹಾಕಿ ಕೂತಿದ್ದರು. ಗುಡ್ಡದ ಮೇಲೆ ರಾಕ್, ಕೆಳಗೆ ಧರಣಿ. ಅದೇ ವಾರಗಳಲ್ಲಿ ಕೋಝಿಕ್ಕೋಡ್ ಮತ್ತು ಪಾಲಕ್ಕಾಡಿನ ನ್ಯಾಯಾಲಯಗಳಲ್ಲಿ ಕೊಚ್ಚಿಯ ಬ್ಯಾಂಡೊಂದಕ್ಕೂ ಕನ್ನಡದ ಸಿನಿಮಾವೊಂದಕ್ಕೂ ಹಾಡಿನ ವಿಷಯಕ್ಕೆ ವ್ಯಾಜ್ಯ ಹತ್ತಿತ್ತು. ಆ ಬ್ಯಾಂಡಿನ ಹೆಸರನ್ನು ಕನ್ನಡಿಗರಲ್ಲಿ ಹೆಚ್ಚಿನವರು ಮೊದಲು ಕೇಳಿದ್ದೇ ತಡೆಯಾಜ್ಞೆಯ ಸುದ್ದಿಯಲ್ಲಿ. 'ಇವರ್ಯಾರಪ್ಪ ಹೊಸದಾಗಿ?' ಎಂದು ಕೇಳಿದವರೇ ಬಹಳ. ಅವರು ಹೊಸಬರೇನೂ ಅಲ್ಲ. ಅವರ ಬೆನ್ನಿಗೆ ನಲವತ್ತು ವರ್ಷದ ಚರಿತ್ರೆಯಿದೆ, ಅದು ಎರ್ನಾಕುಲಂನ ಹೋಟೆಲೊಂದರ ಡ್ಯಾನ್ಸ್ ಫ್ಲೋರ್‌ನಿಂದ ಶುರುವಾಗುತ್ತದೆ.

ಕೊಚ್ಚಿಗೆ ಪಾಶ್ಚಾತ್ಯ ಸಂಗೀತ ಹೊಸದಲ್ಲ. ಪೋರ್ಚುಗೀಸರು, ಡಚ್ಚರು, ಇಂಗ್ಲಿಷರು ಒಬ್ಬರ ಹಿಂದೊಬ್ಬರು ಬಂದು ಆಳಿದ ಊರದು. ಅವರ ಸಂತತಿಯ ಆಂಗ್ಲೋ ಇಂಡಿಯನ್ ಮನೆಗಳಲ್ಲಿ ಪಿಯಾನೋ, ಗಿಟಾರು, ವಯಲಿನ್ ಇದ್ದೇ ಇರುತ್ತಿದ್ದವು. ಚರ್ಚಿನ ಕಾಯಿರ್‌ನಲ್ಲಿ ಸ್ವರ ಸೇರಿಸಿ ಹಾಡುವುದನ್ನು ಮಕ್ಕಳು ಮಾತು ಕಲಿತಷ್ಟೇ ಸಹಜವಾಗಿ ಕಲಿಯುತ್ತಿದ್ದರು. ಸಮುದ್ರದಾಚೆಯ ರೇಡಿಯೋ ಸಿಲೋನ್ ಕರಾವಳಿಯುದ್ದಕ್ಕೂ ಸ್ಪಷ್ಟವಾಗಿ ಕೇಳುತ್ತಿತ್ತು. ಬೀಟಲ್ಸ್ ಮತ್ತು ಅವರ ನಂತರದವರೆಲ್ಲ ಹಾಗೆಯೇ ಗಾಳಿಯಲ್ಲಿ ತೇಲಿ ಬಂದರು. 1960ರ ದಶಕದ ಕೊನೆಗೆ ಎಮಿಲ್ ಐಸಾಕ್ಸ್ ಅವರಿದ್ದ ಎಲೀಟ್ ಏಸಸ್‌ನಂಥ ತಂಡಗಳು ಮದುವೆ, ಕ್ಲಬ್ಬು, ಕ್ರಿಸ್ಮಸ್ ನೃತ್ಯಕೂಟಗಳಲ್ಲಿ ನುಡಿಸುತ್ತಿದ್ದವು.

1970ರ ದಶಕದ ಕೊನೆಯಲ್ಲಿ ಹುಟ್ಟಿದ 13 ಎಡಿ ಇವರೆಲ್ಲರನ್ನೂ ಮೀರಿಸಿತು. ಅದರ ಸದಸ್ಯರ ಹೆಸರುಗಳೇ ಕೊಚ್ಚಿಯ ಚರಿತ್ರೆ ಹೇಳುತ್ತವೆ: ಹಾಡುಗಾರ ಗ್ಲೆನ್ ಲಾ ರೀವ್, ಗಿಟಾರಿಗೆ ಎಲೋಯ್ ಐಸಾಕ್ಸ್ ಮತ್ತು ಜಾಕ್ಸನ್ ಅರೂಜ, ಬೇಸ್ ಗಿಟಾರಿಗೆ ಪಾಲ್, ಡ್ರಮ್ಸಿಗೆ ಪಿನ್ಸನ್ ಕೊರೇಯ. ಷಣ್ಮುಗಂ ರಸ್ತೆಯ ಸೀಲಾರ್ಡ್ ಹೋಟೆಲು ಅವರ ಅಡ್ಡೆ. ಹೋಟೆಲ್ ಬ್ಯಾಂಡಿನ ಕೆಲಸ ಎಂದರೆ ನೌಕರಿಯಿದ್ದ ಹಾಗೆ. ದಿನಾ ಸಂಜೆ ವೇದಿಕೆ ಹತ್ತಬೇಕು. ಊಟ ಮಾಡುತ್ತಿರುವವರಿಗೆ ಮೊದಲು ಮೆತ್ತಗಿನ ಹಾಡು, ಗ್ಲಾಸು ಖಾಲಿಯಾದಂತೆ ಕುಣಿಸುವ ಹಾಡು. ಕೇಳುಗ ಇಷ್ಟಪಡುವುದು ತನಗೆ ಗೊತ್ತಿರುವ ಹಾಡನ್ನೇ. ಹಾಗಾಗಿ ಇನ್ನೊಬ್ಬರ ಹಾಡನ್ನು ಕ್ಯಾಸೆಟ್ಟಿನಲ್ಲಿ ಹೇಗಿದೆಯೋ ಹಾಗೇ ಎತ್ತಿ ನುಡಿಸುವವನೇ ದೊಡ್ಡ ಕಲಾವಿದ. ಸ್ವರಲಿಪಿ ಕೈಗೆ ಸಿಗದ ಕಾಲದಲ್ಲಿ ಟೇಪು ಸವೆಯುವಷ್ಟು ಸಲ ಹಿಂದೆ ತಿರುಗಿಸಿ, ಗಿಟಾರಿನ ಒಂದೊಂದೇ ಪಲುಕನ್ನು ಕಿವಿಯಿಂದ ಬೆರಳಿಗೆ ಇಳಿಸಿಕೊಳ್ಳುವುದು ಸಣ್ಣ ಸಾಧನೆಯಲ್ಲ. ಆ ಶಿಸ್ತಿನಿಂದ ಬಂದ ಕೈಚಳಕ ದೇಶದ ಯಾವ ಬ್ಯಾಂಡಿಗೂ ಕಡಿಮೆಯಿರಲಿಲ್ಲ.

1990ರಲ್ಲಿ 13 ಎಡಿ ಸ್ವಂತ ಹಾಡುಗಳ 'ಗ್ರೌಂಡ್ ಝೀರೋ' ತಂದಿತು. ಕಾಲೇಜು ಹುಡುಗರ ನಡುವೆ ಆ ಕ್ಯಾಸೆಟ್ಟು ಕೈಯಿಂದ ಕೈಗೆ ಹೋಯಿತು, ಕೇರಳದ ಹೊರಗೂ ಹೆಸರಾಯಿತು. ಆದರೆ ಹಾಡು ಇಂಗ್ಲಿಷಿನದು, ಉಚ್ಚಾರ ಅಟ್ಲಾಂಟಿಕ್‌ನ ಆಚೆಯದು. ಕೊಚ್ಚಿಯ ಮಳೆ, ಬೋಟು ಜೆಟ್ಟಿ, ಬಂದರಿನ ವಾಸನೆ ಯಾವುದೂ ಅದರೊಳಗೆ ಬರಲಿಲ್ಲ. 1990ರ ದಶಕದ ನಡುವೆ ಬ್ಯಾಂಡ್ ಚದುರಿತು. ಹೊಟ್ಟೆಪಾಡು ಕೇರಳದ ಅಷ್ಟೂ ಮಂದಿಯನ್ನು ಎಲ್ಲಿಗೆ ಕರೆದೊಯ್ಯುತ್ತಿತ್ತೋ ಅಲ್ಲಿಗೇ, ಕೊಲ್ಲಿ ದೇಶಗಳಿಗೆ, ಇವರಲ್ಲಿಯೂ ಕೆಲವರು ಹೋದರು.

ಇಷ್ಟು ಪ್ರತಿಭೆಯಿದ್ದೂ ಮಲಯಾಳದಲ್ಲಿ ಹಾಡುವ ಯೋಚನೆ ಯಾಕೆ ಬರಲಿಲ್ಲ? ಜಾಗವೆಲ್ಲ ಸಿನಿಮಾದ ಪಾಲಾಗಿತ್ತು ಎನ್ನುವುದು ನನ್ನ ಉತ್ತರ. ದೇವಸ್ಥಾನದ ಉತ್ಸವದಲ್ಲಿ ರಾತ್ರಿಯಿಡೀ ನಡೆಯುವ ಗಾನಮೇಳ ಎಂದರೆ ನಮ್ಮ ಗಣೇಶೋತ್ಸವದ ಆರ್ಕೆಸ್ಟ್ರಾದ ಹಾಗೆ, ಹಾಡುವುದೆಲ್ಲ ಸಿನಿಮಾದ್ದೇ. ಯೇಸುದಾಸ್ 1980ರಲ್ಲಿ ತಿರುವನಂತಪುರದಲ್ಲಿ ಕಟ್ಟಿದ ತರಂಗಿಣಿ ಸ್ಟುಡಿಯೋ ಓಣಂ ಹಾಡು, ಭಕ್ತಿಗೀತೆಗಳ ಕ್ಯಾಸೆಟ್ಟು ತಂದಿತು ನಿಜ. ಅವುಗಳ ಕಂಠವೂ ರಾಗದ ನಡೆಯೂ ಸಿನಿಮಾದ ಸೋದರ ಸಂಬಂಧಿಗಳೇ. ನಮ್ಮಲ್ಲಿ ಭಾವಗೀತೆ ಎಂಬ ಇನ್ನೊಂದು ಬಾಗಿಲಿತ್ತು. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' ಕ್ಯಾಸೆಟ್ ಬಂದಮೇಲೆ ಕನ್ನಡದ ಹಾಡು ಸಿನಿಮಾದ ಹಂಗಿಲ್ಲದೆಯೂ ಮನೆಮನೆ ಸೇರಿತು. ಕೇರಳದ ಗಿಟಾರು ಹುಡುಗರಿಗೆ ಅಂಥದ್ದೊಂದು ದಾರಿ ಕಾಣಲಿಲ್ಲ. ಇಂಗ್ಲಿಷಿನಲ್ಲಿ ಹಾಡಿದರೆ ಸಿನಿಮಾದಿಂದ ತಪ್ಪಿಸಿಕೊಳ್ಳಬಹುದಿತ್ತು, ಆದರೆ ಹಾಗೆ ಮಾಡಿದಾಗ ನೆರೆಮನೆಯವರಿಂದಲೂ ತಪ್ಪಿಸಿಕೊಂಡಂತಾಗುತ್ತಿತ್ತು.

ಬ್ರಿಟನ್ನಿನಲ್ಲಿ ಅದೇ ಕಾಲಕ್ಕೆ ಏನಾಗುತ್ತಿತ್ತು ಎಂಬುದನ್ನು ಇಲ್ಲಿ ಪಕ್ಕಕ್ಕಿಟ್ಟು ನೋಡಬೇಕು. ಅಲ್ಲಿ ಆಲ್ಟರ್ನೇಟಿವ್ ಎಂಬ ಹಣೆಪಟ್ಟಿ ಹುಟ್ಟಿದ್ದು ದೊಡ್ಡ ಕಂಪನಿಗಳ ಹೊರಗೆ ಒಂದು ಪುಟ್ಟ ಮಾರುಕಟ್ಟೆ ಎದ್ದು ನಿಂತಾಗ. ಲಂಡನ್ನಿನ ರಫ್ ಟ್ರೇಡ್ 1976ರಲ್ಲಿ ಒಂದು ರೆಕಾರ್ಡ್ ಅಂಗಡಿ, ಎರಡು ವರ್ಷದಲ್ಲಿ ರೆಕಾರ್ಡ್ ಕಂಪನಿ. ಬಿಬಿಸಿಯಲ್ಲಿ ಜಾನ್ ಪೀಲ್ ಎಂಬ ನಿರೂಪಕ ಯಾರಿಗೂ ಗೊತ್ತಿಲ್ಲದ ಹುಡುಗರ ಹಾಡನ್ನು ರಾತ್ರಿ ಹಾಕುತ್ತಿದ್ದ. ವಾರಪತ್ರಿಕೆಗಳು ಅವರ ಬಗ್ಗೆ ಬರೆಯುತ್ತಿದ್ದವು. ಮ್ಯಾಂಚೆಸ್ಟರಿನಲ್ಲಿ 1982ರಲ್ಲಿ ಕೂಡಿದ ದ ಸ್ಮಿತ್ಸ್ ಈ ದಾರಿಯಲ್ಲೇ ನಡೆದು ಐದೇ ವರ್ಷದಲ್ಲಿ ಮುಗಿದುಹೋಯಿತು. ಅಷ್ಟರಲ್ಲಿ ಉತ್ತರ ಇಂಗ್ಲೆಂಡಿನ ಬೀದಿ, ಅಲ್ಲಿಯ ಮಾತಿನ ವರಸೆ, ಮಂಕು ಹವೆ ಎಲ್ಲವನ್ನೂ ಹಾಡಿಗೆ ತಂದಿತ್ತು. ಅಮೆರಿಕನ್ನರ ಹಾಗೆ ಉಚ್ಚರಿಸಬೇಕಾದ ಜರೂರು ಅದಕ್ಕಿರಲಿಲ್ಲ. ಕೊಚ್ಚಿಯವರು ಬ್ರಿಟನ್ನಿನ ಸದ್ದನ್ನು ಕಲಿತರು. ಅಂಗಡಿ, ರೇಡಿಯೋ, ಪತ್ರಿಕೆಗಳ ಆ ವ್ಯವಸ್ಥೆ ಕಡಲು ದಾಟಿ ಬರಲಿಲ್ಲ.

ಇದಕ್ಕೊಂದು ಚೋದ್ಯದ ಹಿಮ್ಮುಖವೂ ಇದೆ. 1991ರಲ್ಲಿ ಲೆಸ್ಟರಿನಲ್ಲಿ ತಜಿಂದರ್ ಸಿಂಗ್ ಮತ್ತು ಗೆಳೆಯರು ಕಟ್ಟಿದ ಕಾರ್ನರ್‌ಶಾಪ್ ಎಂಬ ಆಲ್ಟರ್ನೇಟಿವ್ ಬ್ಯಾಂಡ್, 1997ರಲ್ಲಿ ಆಶಾ ಭೋಸ್ಲೆಯ ಹೆಸರಿನಲ್ಲೇ ಒಂದು ಹಾಡು ಮಾಡಿತು. ಅದರ ರೀಮಿಕ್ಸ್ ಮರುವರ್ಷ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿತು. ಬೀಟಲ್ಸರ ಹಾಡೊಂದನ್ನು ಅವರು ಪಂಜಾಬಿಯಲ್ಲಿ ಹಾಡಿದ್ದೂ ಅದೇ ಆಲ್ಬಂನಲ್ಲಿ. ಭಾರತದ ಸಿನಿಮಾ ಹಾಡು ಲೆಸ್ಟರಿನ ಹುಡುಗನಿಗೆ ಬಿಡುಗಡೆಯ ದಾರಿ, ಎರ್ನಾಕುಲಂನ ಹುಡುಗನಿಗೆ ಗೋಡೆ.

ಆ ಗೋಡೆಯಲ್ಲಿ ಬಿರುಕು ಕಂಡದ್ದು 1990ರ ದಶಕದಲ್ಲಿ. ಸ್ಟಾರ್ ಟಿವಿಯ ಜೊತೆ ಎಂಟಿವಿ ಬಂತು. 1993ರಲ್ಲಿ ಅಲಹಾಬಾದಿನಿಂದ ಅಮಿತ್ ಸೈಗಲ್ 'ರಾಕ್ ಸ್ಟ್ರೀಟ್ ಜರ್ನಲ್' ಹೊರಡಿಸಿದರು. ಕೇರಳದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಆಸರೆ ಕೊಟ್ಟದ್ದು ಎಂಜಿನಿಯರಿಂಗ್ ಕಾಲೇಜುಗಳ ಫೆಸ್ಟು. ಹೋಟೆಲಿನಲ್ಲಿ ಊಟ ಮಾಡುವವರಿಗೆ ನುಡಿಸುವುದಕ್ಕೂ ನಿಂತು ಕಿರುಚುವ ಸಾವಿರ ಹುಡುಗರಿಗೆ ನುಡಿಸುವುದಕ್ಕೂ ಅಜಗಜಾಂತರ. ಅಲ್ಲಿ ಪರಿಚಿತ ಹಾಡಷ್ಟೇ ಸಾಲದು, ಸ್ವಂತ ಹಾಡಿಗೂ ಮನ್ನಣೆ ಸಿಗುತ್ತಿತ್ತು.

ಈ ಫೆಸ್ಟುಗಳಲ್ಲಿ ಒಂದರ ಹಿನ್ನೆಲೆ ಎದೆ ಹಿಂಡುವಂಥದ್ದು. ಕೋಝಿಕ್ಕೋಡಿನ ರೀಜನಲ್ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿ ಪಿ. ರಾಜನ್ ಒಳ್ಳೆಯ ಹಾಡುಗಾರ. ತುರ್ತು ಪರಿಸ್ಥಿತಿಯಲ್ಲಿ, 1976ರ ಮಾರ್ಚ್ 1ರಂದು, ಪೊಲೀಸರು ಅವನನ್ನು ಕಾಲೇಜಿನಿಂದ ಹಿಡಿದೊಯ್ದರು. ಕಕ್ಕಯಂನ ಶಿಬಿರದಲ್ಲಿ ಹಿಂಸೆಗೆ ಸಿಕ್ಕಿ ಸತ್ತ. ದೇಹವೂ ಸಿಗಲಿಲ್ಲ. ತಂದೆ ಈಚ್ಚರ ವಾರಿಯರ್ ವರ್ಷಗಟ್ಟಲೆ ನಡೆಸಿದ ಹೋರಾಟ ಮುಖ್ಯಮಂತ್ರಿಯಾಗಿದ್ದ ಕರುಣಾಕರನ್ ರಾಜೀನಾಮೆಗೂ ಕಾರಣವಾಯಿತು. ಅದೇ ಕಾಲೇಜಿನ ವಾರ್ಷಿಕ ಉತ್ಸವ 'ರಾಗಂ' ರಾಜನ್ ನೆನಪಿನದು. ಮುಂದಿನ ತಲೆಮಾರಿನ ಹುಡುಗರು ಅಲ್ಲಿ ಗಿಟಾರು ಹಿಡಿದು ನಿಂತಾಗ ಎಷ್ಟು ಜನಕ್ಕೆ ಇದು ನೆನಪಿತ್ತೋ. ಆದರೂ ಕೇರಳದಲ್ಲಿ ಹಾಡುವ ಹುಡುಗನಿಗೂ ಪ್ರಭುತ್ವಕ್ಕೂ ಇರುವ ಸಂಬಂಧ ಬ್ರಿಟನ್ನಿನ ಬಂಡಾಯದ ಪೋಷಾಕಿನಷ್ಟು ಹಗುರವಲ್ಲ ಎಂದು ಹೇಳಲು ಇದೊಂದೇ ಸಾಕು.

1996ರಲ್ಲಿ ಕೊಚ್ಚಿಯಲ್ಲಿ ಮದರ್‌ಜೇನ್ ಹುಟ್ಟಿತು. ಹಾಡುಗಾರ ಸೂರಜ್ ಮಣಿ. ಮೊದಲ ಆಲ್ಬಂ 'ಇನ್‌ಸೇನ್ ಬಯಾಗ್ರಫಿ' ಪಕ್ಕಾ ಪಾಶ್ಚಾತ್ಯ ಹಾರ್ಡ್ ರಾಕ್. ಆಮೇಲೆ ಬೈಜು ಧರ್ಮಜನ್ ಬಂದು ಗಿಟಾರು ಕೈಗೆತ್ತಿಕೊಂಡಾಗ ಬ್ಯಾಂಡಿನ ದನಿಯೇ ಬದಲಾಯಿತು. ಬೈಜು ತಂತಿಯನ್ನು ಎಳೆದು ಬಾಗಿಸಿ ಗಮಕ ತೆಗೆಯುವವರು. ವೀಣೆಯಲ್ಲಿ ಒಂದು ಮೆಟ್ಟಿಲ ಮೇಲೆ ಬೆರಳಿಟ್ಟು ತಂತಿ ಎಳೆದರೆ ಪಕ್ಕದ ಸ್ವರ ಮೂಡುತ್ತದಲ್ಲ, ಅದೇ ಕೆಲಸವನ್ನು ಅವರು ಎಲೆಕ್ಟ್ರಿಕ್ ಗಿಟಾರಿನಲ್ಲಿ, ಡಿಸ್ಟಾರ್ಷನ್ ಹಚ್ಚಿಕೊಂಡೇ ಮಾಡಿದರು. 2008ರ 'ಮಕ್ತೂಬ್' ಆಲ್ಬಂನಲ್ಲಿ ಈ ನುಡಿಸಾಣಿಕೆ ಪೂರ್ತಿ ಹದಕ್ಕೆ ಬಂತು. ಗಿಟಾರು ಕೇರಳದ್ದಾಯಿತು. ಮಾತು ಮಾತ್ರ ಇನ್ನೂ ಇಂಗ್ಲಿಷಿನದೇ.

ಮಾತನ್ನು ಬದಲಿಸಿದವರು ಅವಿಯಲ್. 2003ರಲ್ಲಿ ತಿರುವನಂತಪುರದಲ್ಲಿ ಕೂಡಿದ ಈ ಬ್ಯಾಂಡಿಗೆ ತೆಂಗಿನಕಾಯಿ, ಮೊಸರು ಹಾಕಿದ ತರಕಾರಿ ಮೇಲೋಗರದ ಹೆಸರು. ನಮ್ಮ ಕರಾವಳಿಯವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಮದರ್‌ಜೇನ್‌ನಲ್ಲಿ ಗಿಟಾರು ನುಡಿಸುತ್ತಿದ್ದ ರೆಕ್ಸ್ ವಿಜಯನ್, ಹಾಡಿನ ಜೊತೆ ಡಿಜೆ ತಟ್ಟೆಯನ್ನೂ ಬಲ್ಲ ಟೋನಿ ಜಾನ್, ಡ್ರಮ್ಸಿಗೆ ಮಿಥುನ್ ಪುತ್ತನ್‌ವೀಟಿಲ್, ಬೇಸ್‌ಗೆ ಮುಂಬಯಿಯ ನರೇಶ್ ಕಾಮತ್, ಹಾಡಲು ಆನಂದ್‌ರಾಜ್ ಬೆಂಜಮಿನ್ ಪಾಲ್. ನರೇಶ್, ಆನಂದ್‌ರಾಜ್ ಕೆಲಕಾಲದ ನಂತರ ಹೊರನಡೆದು ಬೇಸ್‌ಗೆ ಬಿನ್ನಿ ಐಸಾಕ್ ಬಂದರು, ಟೋನಿಯೇ ಮುಖ್ಯ ಗಾಯಕರಾದರು. ರೆಕ್ಸ್ ತೆರವು ಮಾಡಿದ ಜಾಗಕ್ಕೇ ಮದರ್‌ಜೇನ್‌ಗೆ ಬೈಜು ಬಂದದ್ದು. ಒಬ್ಬನ ನಿರ್ಗಮನದಿಂದ ಎರಡು ಬ್ಯಾಂಡುಗಳ ದಿಕ್ಕು ಬದಲಾದದ್ದು ಕೇರಳದ ರಾಕ್ ಚರಿತ್ರೆಯ ದೊಡ್ಡ ಆಕಸ್ಮಿಕ.

'ನಡ ನಡ' ಅವರ ಮೊದಲ ಹಾಡು. ಟಿವಿಯ ಸಂಗೀತ ಚಾನೆಲ್ಲುಗಳಲ್ಲಿ ಅದರ ವಿಡಿಯೋ ಬರತೊಡಗಿದಾಗ ಮಲಯಾಳಿಗಳಿಗೆ ಮೊದಲು ನಗು, ಆಮೇಲೆ ಬೆರಗು. ಒಂದು ಒರಟು ಗಿಟಾರು ತುಣುಕು ಸುತ್ತಿ ಸುತ್ತಿ ಬರುತ್ತದೆ, ಡ್ರಮ್ಸ್ ಅವಸರವಿಲ್ಲದೆ ಹೆಜ್ಜೆ ಹಾಕುತ್ತದೆ, ಅದರ ಮೇಲೆ ಹೊಲದ ಬದುವಿನ ಮೇಲೆ ನಿಂತು ಕೂಗಿದಂಥ ಮಲಯಾಳ. ಸಿನಿಮಾ ಗಾಯಕರ ನಯವಾದ ಕಂಠ ಅಲ್ಲಿಲ್ಲ. ಪದಗಳು ಚಿಕ್ಕವು, ಒತ್ತಕ್ಷರಗಳು ತುಂಬಿದವು. ಮಲಯಾಳದಲ್ಲಿ ಎಷ್ಟೋ ಪದಗಳು ಅರೆ ಉಕಾರದಲ್ಲಿ ನಿಂತುಬಿಡುತ್ತವೆ, ನಮ್ಮ ಹಾಗೆ ಪೂರ್ಣ ಸ್ವರದಲ್ಲಿ ಎಳೆಯುವುದಿಲ್ಲ. ಡ್ರಮ್ಮಿನ ಪೆಟ್ಟಿಗೆ ಆ ಕತ್ತರಿಸಿದ ಕೊನೆ ಹೇಳಿ ಮಾಡಿಸಿದಂತಿದೆ. ಮಲಯಾಳ ರಾಕ್‌ಗೆ ಹೊಂದುವುದಿಲ್ಲ ಎಂದು ಮೂವತ್ತು ವರ್ಷ ನಂಬಿದ್ದವರು ಅದನ್ನು ಕೇಳಿ ನೋಡುವ ಗೋಜಿಗೇ ಹೋಗಿರಲಿಲ್ಲ ಎನಿಸುತ್ತದೆ.

ಪೂರ್ತಿ ಆಲ್ಬಂ ಬರಲು ಐದು ವರ್ಷ ಹಿಡಿಯಿತು. ಅದನ್ನು ತಂದದ್ದು ಕೇರಳದ ಕಂಪನಿಯಲ್ಲ, ಮುಂಬಯಿಯ ಫ್ಯಾಟ್ ಫಿಶ್ ರೆಕಾರ್ಡ್ಸ್. ರಬ್ಬಿ ಶೇರ್‌ಗಿಲ್ ಅವರಿಂದ ಬುಲ್ಲೇ ಶಾಹನ ಪದವನ್ನು ಗಿಟಾರಿನ ಮೇಲೆ ಹಾಡಿಸಿ ದೇಶಕ್ಕೆಲ್ಲ ಕೇಳಿಸಿದ ಸಣ್ಣ ಸಂಸ್ಥೆ ಅದು. 2008ರಲ್ಲಿ ಹೊರಬಂದ 'ಅವಿಯಲ್' ಆಲ್ಬಂನಲ್ಲಿ ಎಂಟು ಹಾಡು. 'ಕರುಕರ' ಕಾವಾಲಂ ನಾರಾಯಣ ಪಣಿಕ್ಕರರ ರಚನೆ. ಕೂಡಿಯಾಟ್ಟಂ, ಸೋಪಾನ ಸಂಗೀತ, ಜಾನಪದವನ್ನೆಲ್ಲ ಅರೆದು ಕುಡಿದು ಸಂಸ್ಕೃತ ನಾಟಕಗಳನ್ನು ಆಡಿಸಿದ ರಂಗಕರ್ಮಿ ಅವರು. 'ಆಡು ಪಾಂಬೇ' ಇನ್ನೂ ಹಿಂದಕ್ಕೆ ಹೋಗುತ್ತದೆ. ಅದು ಶ್ರೀ ನಾರಾಯಣ ಗುರುಗಳ ಕುಂಡಲಿನಿ ಪಾಟ್ಟು, ಹಾವಾಡಿಗನ ಹಾಡಿನ ಧಾಟಿಯಲ್ಲಿ ಯೋಗದ ಅನುಭವ ಹೇಳುವ ಪದ್ಯ. 1888ರಲ್ಲಿ ಅರುವಿಪ್ಪುರದಲ್ಲಿ ಶಿವಲಿಂಗ ಪ್ರತಿಷ್ಠೆ ಮಾಡಿ ಜಾತಿಯ ಕೋಟೆಗೆ ಪೆಟ್ಟು ಕೊಟ್ಟ, 1912ರಲ್ಲಿ ಮಂಗಳೂರಿಗೆ ಬಂದು ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದ ಅದೇ ಗುರುಗಳು. ಅವರ ಪದ್ಯದ ಮೇಲೆ ರೆಕ್ಸ್ ಗಿಟಾರು ಹೊಗೆಯಂತೆ ಸುರುಳಿ ಸುತ್ತುತ್ತದೆ. ಹಾವು ಆಡುವಂತೆ ತೂಗುವ ಆ ಲಯದಲ್ಲಿ ಬ್ರಿಟನ್ನಿನ ತೊಂಬತ್ತರ ದಶಕದ ಪ್ರಯೋಗಗಳ ಗುರುತು ನನ್ನ ಕಿವಿಗೆ ಕೇಳುತ್ತದೆ. ಪದರ ಪದರವಾಗಿ ಹರಡಿದ ಮಾರ್ದನಿ, ಹಾಡಿಗಿಂತ ವಾತಾವರಣವನ್ನು ಕಟ್ಟುವ ಗಿಟಾರು. ಆದರೆ ಪದ್ಯ ತೆಗೆದು ಬರೀ ಗಿಟಾರು ಉಳಿಸಿದರೆ ಅದು ಸಾವಿರ ಬ್ಯಾಂಡುಗಳಲ್ಲಿ ಒಂದಾಗುತ್ತಿತ್ತು.

ಅದೇ 2008ರಲ್ಲಿ ಬೆಂಗಳೂರಿನಿಂದ ರಘು ದೀಕ್ಷಿತ್ ಅವರ ಮೊದಲ ಆಲ್ಬಂ ಬಂತು. ವಿಶಾಲ್ ಶೇಖರ್ ಅವರ ಸಣ್ಣ ಸಂಸ್ಥೆ ಅದನ್ನು ಹೊರತಂದಿತು, ಅದೂ ಮುಂಬಯಿಯಿಂದಲೇ. ಅದರೊಳಗೂ ಒಬ್ಬ ಸಂತ, ಶಿಶುನಾಳ ಷರೀಫರು, ಗುಡುಗುಡಿ ಸೇದಿದರು. ಒಂದೇ ವರ್ಷ, ಒಬ್ಬರಿಗೊಬ್ಬರು ಹೇಳಿ ಮಾಡಿದ್ದಲ್ಲ, ಎರಡು ನೆರೆಯ ಭಾಷೆಗಳು ರಾಕ್‌ಗೆ ಒಗ್ಗುವ ಮಾತು ಹುಡುಕುತ್ತ ಅನುಭಾವಿಗಳ ಮನೆ ಬಾಗಿಲಿಗೇ ಹೋದವು. ಇವರಿಗಿಂತ ಎಂಟು ವರ್ಷ ಮೊದಲು ದಿಲ್ಲಿಯ ಇಂಡಿಯನ್ ಓಷನ್, ಕೇರಳದ ಸಿರಿಯನ್ ಕ್ರೈಸ್ತರ ಪ್ರಾರ್ಥನೆಯೊಂದನ್ನು 'ಕಂದೀಸಾ' ಎಂದು ಹಾಡಿ ಹೆಸರು ಮಾಡಿತ್ತು. ಸಿನಿಮಾ ಮುಟ್ಟದ, ಆದರೆ ಊರಿಗೆಲ್ಲ ಗೊತ್ತಿರುವ ಸಾಹಿತ್ಯ ಎಂದರೆ ಅಂಥದ್ದೇ. ರಘು ದೀಕ್ಷಿತ್ ಅದನ್ನು ಹಿಡಿದುಕೊಂಡು 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮಕ್ಕೆ, ಮರುವರ್ಷ ಗ್ಲಾಸ್ಟನ್‌ಬರಿ ಉತ್ಸವಕ್ಕೆ ಹೋದರು. ಲುಂಗಿಯುಟ್ಟು ಹಾಡಿದ ಕನ್ನಡವನ್ನು ಬ್ರಿಟನ್ನಿನವರು ಕೇಳಿದರು.

ಇಷ್ಟರಲ್ಲಿ ಸಿನಿಮಾ ಸುಮ್ಮನಿರಲಿಲ್ಲ. 2010ರ ನಂತರ ಮಲಯಾಳ ಚಿತ್ರರಂಗಕ್ಕೆ ಹೊಸ ನಿರ್ದೇಶಕರ ಗುಂಪೊಂದು ಬಂತು. ಅವಿಯಲ್ ಕೇಳಿಕೊಂಡು ಬೆಳೆದ ವಯಸ್ಸಿನವರು. 2011ರಲ್ಲಿ ಆಶಿಕ್ ಅಬು ತಮ್ಮ 'ಸಾಲ್ಟ್ ಎನ್ ಪೆಪ್ಪರ್' ಚಿತ್ರಕ್ಕೆ ಅವಿಯಲ್‌ನಿಂದ 'ಆನಕ್ಕಳ್ಳನ್' ಮಾಡಿಸಿದರು. ಅದೇ ವರ್ಷ ಸಮೀರ್ ತಾಹಿರ್ ಅವರ 'ಚಾಪ್ಪಾ ಕುರಿಶ್'ಗೆ ರೆಕ್ಸ್ ಸಂಗೀತ ಕೊಟ್ಟರು. 2013ರ 'ನೀಲಾಕಾಶಂ ಪಚ್ಚಕ್ಕಡಲ್ ಚುವನ್ನ ಭೂಮಿ', 2017ರ 'ಮಾಯಾನದಿ' ಎಲ್ಲ ರೆಕ್ಸ್‌ದೇ. ಕೆಲಸ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. 'ಮಾಯಾನದಿ'ಯ ಹಾಡುಗಳಲ್ಲಿ ಗಿಟಾರು ಪಾತ್ರಗಳ ನಡುವೆ ಮಂಜಿನ ಹಾಗೆ ನಿಲ್ಲುತ್ತದೆ. ಆದರೆ ಅವಿಯಲ್‌ನ ಎರಡನೇ ಪೂರ್ಣ ಆಲ್ಬಂ ದಶಕ ಕಳೆದರೂ ಬರಲಿಲ್ಲ. ರಘು ದೀಕ್ಷಿತ್ ಕೂಡ 2008ರಲ್ಲೇ 'ಸೈಕೋ' ಚಿತ್ರದ ಮಾದೇಶ್ವರನ ಹಾಡಿನಿಂದ ಗಾಂಧಿನಗರಕ್ಕೆ ಕಾಲಿಟ್ಟಾಗಿತ್ತು. ಇದರಲ್ಲಿ ಯಾರದೂ ತಪ್ಪಿಲ್ಲ. ಆಲ್ಬಂ ಕೊಳ್ಳುವವರಿರಲಿಲ್ಲ, ಚಿತ್ರಕ್ಕೆ ದುಡ್ಡು ಹಾಕುವವರಿದ್ದರು. ಬ್ರಿಟನ್ನಿನ ಬ್ಯಾಂಡುಗಳನ್ನು ದೊಡ್ಡ ರೆಕಾರ್ಡ್ ಕಂಪನಿಗಳು ಇಡಿಯಾಗಿ ಕೊಂಡುಕೊಂಡವು. ಇಲ್ಲಿ ಸಿನಿಮಾ ಬ್ಯಾಂಡನ್ನು ಕೊಳ್ಳಲಿಲ್ಲ, ಒಳಗಿನ ಒಬ್ಬನನ್ನು ಕರೆದುಕೊಂಡು ಹೋಯಿತು.

ಮೊದಲಿಗೆ ಹೇಳಿದ ಕೊಚ್ಚಿಯ ಆ ಬ್ಯಾಂಡ್, ತೈಕ್ಕೂಡಂ ಬ್ರಿಡ್ಜ್, ಹುಟ್ಟಿದ್ದು ಈ ಹೊತ್ತಿನಲ್ಲಿ. ವೈಟ್ಟಿಲ ಜಂಕ್ಷನ್ನಿನ ಹತ್ತಿರದ ತೈಕ್ಕೂಡಂ ಎಂಬ ಬಡಾವಣೆಯಲ್ಲಿ ವಾಸವಿದ್ದ ಗೆಳೆಯರ ಗುಂಪು. ಗೋವಿಂದ್ ಮೆನನ್ ವಯಲಿನ್ ಹಿಡಿದವರು, ಸಿದ್ಧಾರ್ಥ್ ಮೆನನ್ ಹಾಡುಗಾರ. ಗೋವಿಂದ್ ಅವರ ತಂದೆ ಪೀತಾಂಬರನ್ ಮೆನನ್ ಕೂಡ ಬ್ಯಾಂಡಿನ ಹಾಡುಗಾರರಲ್ಲಿ ಒಬ್ಬರು. ಅಪ್ಪ ಮಗ ಒಂದೇ ರಾಕ್ ವೇದಿಕೆಯ ಮೇಲೆ ನಿಲ್ಲುವುದು ಬ್ರಿಟನ್ನಿನ ಯಾವ ಬಂಡಾಯಗಾರನಿಗೂ ಹೊಳೆಯದ ಸಂಗತಿ. 2013ರಲ್ಲಿ ಮಾತೃಭೂಮಿ ಸಂಸ್ಥೆ ಕಪ್ಪ ಟಿವಿ ಶುರುಮಾಡಿ, 'ಮ್ಯೂಸಿಕ್ ಮೋಜೋ' ಕಾರ್ಯಕ್ರಮದಲ್ಲಿ ಬ್ಯಾಂಡುಗಳಿಗೆ ವೇದಿಕೆ ಕೊಟ್ಟಿತು. ಜಾನ್ ಪೀಲ್‌ನ ರಾತ್ರಿ ರೇಡಿಯೋಗೆ ಕೇರಳದಲ್ಲಿ ಏನಾದರೂ ಸಾಟಿಯಿದ್ದರೆ ಅದು ಇದೇ. ಇದರ ಬೆನ್ನೇರಿ ಹೋದ ತೈಕ್ಕೂಡಂ ಯೂಟ್ಯೂಬಿನಲ್ಲಿ ಮನೆಮಾತಾಯಿತು. ಅವರ 'ಫಿಶ್ ರಾಕ್' ಮೀನಿನ ಮೇಲೆ ಕಟ್ಟಿದ ಹಾಡು. ಭಾಷೆ ಬರದ ಮಂಗಳೂರಿನವನೂ ಅದಕ್ಕೆ ತಲೆದೂಗಬಲ್ಲ. 'ನವರಸಂ' ಹಾಡಿನ ದಾರಿ ಬೇರೆ. ಕರ್ನಾಟಕ ಸಂಗೀತದ ಆಲಾಪ, ಕಥಕ್ಕಳಿಯ ಮುಖವರ್ಣಿಕೆ, ಅಡಿಯಲ್ಲಿ ಭಾರವಾದ ಗಿಟಾರು.

ಉತ್ತರ ಕೇರಳದ ಒಂದು ಮೆಟಲ್ ಬ್ಯಾಂಡ್ ಅಷ್ಟರಲ್ಲಿ ಇನ್ನೊಂದು ಕೆಲಸ ಮಾಡಿತ್ತು. ದ ಡೌನ್ ಟ್ರಾಡೆನ್ಸ್ ಅದರ ಹೆಸರು. ಅವರ 'ಶಿವ' ಹಾಡಿನ ಆಧಾರ ಪೊಟ್ಟನ್ ತೆಯ್ಯಂ, ಶಂಕರಾಚಾರ್ಯರ ದಾರಿಗೆ ಅಡ್ಡ ನಿಂತ ಚಂಡಾಲನ ಕತೆ. ಕಣ್ಣೂರು, ಕಾಸರಗೋಡಿನ ಕಾವುಗಳಲ್ಲಿ ಕೆಂಡದ ಮೇಲೆ ಮಲಗಿ ಮೇಲ್ಜಾತಿಯವರನ್ನು ಪ್ರಶ್ನಿಸುವ ದೈವ ಅದು. ಗಡಿಯ ಇತ್ತ ನಾವು ಭೂತ ಎನ್ನುತ್ತೇವೆ, ಅತ್ತ ತೆಯ್ಯಂ. ಬಣ್ಣ, ಅಣಿ, ಆವೇಶ ಎಲ್ಲ ಒಂದೇ ಕುಲದ್ದು. ದೈವದ ಕೂಗಿಗೂ ಮೆಟಲ್ ಗಾಯಕನ ಕೂಗಿಗೂ ಸಂಬಂಧ ಕಟ್ಟಬಹುದು ಎಂದು ಈ ಹುಡುಗರು 'ಕಾಂತಾರ'ಕ್ಕಿಂತ ವರ್ಷಗಳ ಮೊದಲೇ ತೋರಿಸಿದ್ದರು.

'ಕಾಂತಾರ' 2022ರ ಸೆಪ್ಟೆಂಬರ್ 30ರಂದು ತೆರೆಗೆ ಬಂತು. ಅಜನೀಶ್ ಲೋಕನಾಥ್ ಸಂಗೀತ, ಶಶಿರಾಜ್ ಕಾವೂರು ಸಾಹಿತ್ಯ, ಸಾಯಿ ವಿಘ್ನೇಶ್ ಕಂಠದ 'ವರಾಹ ರೂಪಂ' ಚಿತ್ರದ ಕೊನೆಯ ಕಾಲುಗಂಟೆಯನ್ನೇ ಹೊತ್ತು ನಿಂತಿತು. ಅಕ್ಟೋಬರ್ ಕೊನೆಯಲ್ಲಿ ತೈಕ್ಕೂಡಂ ಬ್ರಿಡ್ಜ್ ಇದು ತಮ್ಮ 'ನವರಸಂ' ಹಾಡಿನ ನಕಲು ಎಂದಿತು. ಚಿತ್ರತಂಡ ನಕಲಲ್ಲ, ರಾಗಗಳ ಛಾಯೆ ಒಂದೇ ಇರುವುದರಿಂದ ಹಾಗೆ ಕೇಳುತ್ತದೆ ಎಂದು ವಾದಿಸಿತು. ಅಕ್ಟೋಬರ್ 28ರಂದು ಕೋಝಿಕ್ಕೋಡ್ ಜಿಲ್ಲಾ ನ್ಯಾಯಾಲಯ ಹಾಡಿನ ಬಳಕೆಗೆ ತಡೆ ಕೊಟ್ಟಿತು. 'ನವರಸಂ' ಹಕ್ಕು ತನ್ನದೆಂದು ಮಾತೃಭೂಮಿ ಪಾಲಕ್ಕಾಡಿನಲ್ಲಿ ಹೂಡಿದ ದಾವೆಯಲ್ಲೂ ತಡೆ ಬಂತು. ನವೆಂಬರ್ 24ರಂದು ಚಿತ್ರ ಒಟಿಟಿಗೆ ಬಂದಾಗ ಬೇರೊಂದು ರಾಗದ ಹಾಡಿತ್ತು. ಸಾಹಿತ್ಯ ಅದೇ, ಆದರೆ ನೋಡಿದವರು ದೇವರಿಲ್ಲದ ಗುಡಿ ಹೊಕ್ಕಂತೆ ಸಿಟ್ಟಾದರು. ಮರುದಿನವೇ ಕೋಝಿಕ್ಕೋಡಿನ ನ್ಯಾಯಾಲಯ ಈ ದಾವೆ ತನ್ನ ವ್ಯಾಪ್ತಿಗೆ ಬರುವುದಿಲ್ಲ ಎಂದು ಹಿಂತಿರುಗಿಸಿತು. ಡಿಸೆಂಬರಿನಲ್ಲಿ ಪಾಲಕ್ಕಾಡಿನ ತಡೆಯೂ ತೆರವಾಗಿ ಮೂಲ ಹಾಡು ಮರಳಿತು. 2023ರ ಫೆಬ್ರುವರಿಯಲ್ಲಿ ಕೇರಳ ಹೈಕೋರ್ಟ್ ನಿರ್ಮಾಪಕ, ನಿರ್ದೇಶಕರಿಗೆ ನಿರೀಕ್ಷಣಾ ಜಾಮೀನು ಕೊಡುವಾಗ ಹಾಡಿನ ಮೇಲೆ ಷರತ್ತು ಹಾಕಿತು, ಫೆಬ್ರುವರಿ 10ರಂದು ಸುಪ್ರೀಂ ಕೋರ್ಟ್ ಆ ಷರತ್ತಿಗೆ ತಡೆ ನೀಡಿತು.

ರಾಗಕ್ಕೆ ಯಾರೂ ಒಡೆಯರಲ್ಲ, ಗಮಕಕ್ಕೂ ಇಲ್ಲ, ಡಿಸ್ಟಾರ್ಷನ್ ಹಚ್ಚಿದ ಗಿಟಾರಿಗಂತೂ ಇಲ್ಲವೇ ಇಲ್ಲ. ಇವು ಮೂರನ್ನೂ ಯಾವ ಜಾಗದಲ್ಲಿ ಕೂಡಿಸಿದೆ, ಆಲಾಪ ನಿಂತ ಯಾವ ಕ್ಷಣದಲ್ಲಿ ಗಿಟಾರು ಅಪ್ಪಳಿಸಿತು, ಯಾವ ತಾಳದಲ್ಲಿ ಕಾಯಿಸಿತು ಎಂಬುದಕ್ಕೆ ಮಾತ್ರ ಒಡೆತನ ಇರಬಹುದು. ಎರಡೂ ಹಾಡನ್ನು ಒಂದರ ಹಿಂದೊಂದು ಕೇಳಿದವರಿಗೆ ಹೋಲಿಕೆ ಕೇಳದೆ ಇರುವುದಿಲ್ಲ. ಅದು ಕಾನೂನಿನ ಅರ್ಥದಲ್ಲಿ ನಕಲೇ ಎಂಬುದನ್ನು ತೀರ್ಮಾನಿಸುವುದು ನನ್ನ ಕೆಲಸವಲ್ಲ. ನನಗೆ ಮುಖ್ಯವಾಗಿ ಕಾಣುವುದು ಇಷ್ಟು: ಸೀಲಾರ್ಡ್ ಹೋಟೆಲಿನ ಕಾಲದಲ್ಲಿ ಇನ್ನೊಬ್ಬರ ಹಾಡನ್ನು ತದ್ವತ್ತಾಗಿ ನುಡಿಸುವುದೇ ಹೆಮ್ಮೆಯಾಗಿದ್ದ ಊರಿನಲ್ಲಿ, ನಮ್ಮದನ್ನು ಇನ್ನೊಬ್ಬರು ಎತ್ತಿದರು ಎಂದು ನ್ಯಾಯಾಲಯದ ಮೆಟ್ಟಿಲೇರುವಷ್ಟು 'ನಮ್ಮದು' ಎಂಬುದೊಂದು ಹುಟ್ಟಿಕೊಂಡಿತ್ತು.

ಗೋವಿಂದ್ ಮೆನನ್ ಆ ಹೊತ್ತಿಗಾಗಲೇ ಗೋವಿಂದ್ ವಸಂತ ಎಂಬ ಹೆಸರಿನಲ್ಲಿ ತಮಿಳಿನ '96' ಚಿತ್ರಕ್ಕೆ ಸಂಗೀತ ಕೊಟ್ಟು ದಕ್ಷಿಣಕ್ಕೆಲ್ಲ ಪರಿಚಿತರಾಗಿದ್ದರು. ಡೌನ್ ಟ್ರಾಡೆನ್ಸ್‌ನಲ್ಲಿ ಕೀಬೋರ್ಡ್ ನುಡಿಸುತ್ತಿದ್ದ ಸುಶಿನ್ ಶ್ಯಾಮ್ 'ಕುಂಬಳಂಗಿ ನೈಟ್ಸ್', 'ಭೀಷ್ಮ ಪರ್ವಂ', 'ಮಂಜುಮ್ಮೆಲ್ ಬಾಯ್ಸ್' ದಾಟಿ ಈಗ ಮಲಯಾಳ ಚಿತ್ರರಂಗದ ಅತಿ ಬೇಡಿಕೆಯ ಸಂಗೀತ ನಿರ್ದೇಶಕರಲ್ಲೊಬ್ಬರು. 2024ರ 'ಆವೇಶಂ' ಕತೆ ನಡೆಯುವುದು ಬೆಂಗಳೂರಿನಲ್ಲಿ, ಎಂಜಿನಿಯರಿಂಗ್ ಓದಲು ಬಂದ ಮಲಯಾಳಿ ಹುಡುಗರ ಸುತ್ತ. ಸುಶಿನ್ ಮಾಡಿದ ಅದರ 'ಇಲ್ಯುಮಿನಾಟಿ' ಹಾಡಿಗೆ ಅರ್ಥ ತಿಳಿಯದ ಕನ್ನಡದ ಹುಡುಗರೂ ಕುಣಿದರು. ಹಾಡು ಸಿನಿಮಾದ್ದು, ಹಕ್ಕು ಸಿನಿಮಾದ್ದು. ಬಡಿತದೊಳಗಿನ ಒರಟುತನ ಮಾತ್ರ ಮೆಟಲ್ ವೇದಿಕೆಯಿಂದ ಬಂದದ್ದು, ಕ್ರೆಡಿಟ್ಟಿನಲ್ಲಿ ಬ್ಯಾಂಡಿನ ಹೆಸರಿಲ್ಲ.